ಕೆಡದ ಕಣ್ಣಿನ ಒಗಟು

ನನ್ನ ತಾಯಿಯ ಒಡಹುಟ್ಟಿದವರಲ್ಲಿ ಗಂಡಸರು ಇಬ್ಬರು. ಹಿರಿಯ ಮಾವ ಶ್ರೀನಿವಾಸಪುರದಿಂದ ಎರಡು ಹರದಾರಿ ದೂರದ ಹಳ್ಳಿಯೊಂದರಲ್ಲಿ ಮಾವಿನ ತೋಪು ನೋಡಿಕೊಂಡಿರತಕ್ಕವರು. ಬಾದಾಮಿ, ರಸಪುರಿ, ತೋತಾಪುರಿಗಳು ಮಂಡಿಗೆ ಇಳಿಯುವ ಎರಡು ಮೂರು ತಿಂಗಳು ಅವರಿಗೆ ನಿದ್ರೆಯಿಲ್ಲ, ಉಳಿದ ಕಾಲಕ್ಕೆ ಜಗಲಿಯೂ ದಿನಪತ್ರಿಕೆಯೂ ಸಾಕು. ಕಿರಿಯ ಮಾವ ಮಾಲೂರಿನಲ್ಲಿ ಹೆಂಚು ಇಟ್ಟಿಗೆಗಳ ವ್ಯಾಪಾರ ಮಾಡಿಕೊಂಡು, ಲೆಕ್ಕದ ಪುಸ್ತಕದಲ್ಲಿ ಒಂದು ರೂಪಾಯಿ ಕೂಡದಿದ್ದರೂ ರಾತ್ರಿ ಊಟಕ್ಕೇಳದ ಶಿಸ್ತಿನ ಮನುಷ್ಯ. ಇಬ್ಬರಿಗೂ ಸಕ್ಕರೆ ಕಾಯಿಲೆ. ಹಿರಿಯರಿಗೆ ಅದು ಬಂದು 22 ವರ್ಷವಾಯಿತು. ಮಾತ್ರೆಯನ್ನು ನೆನಪಾದಾಗ ನುಂಗುವುದು, ರುಚಿ ನೋಡದೆ ಹಣ್ಣಿಗೆ ಬೆಲೆ ಕಟ್ಟುವುದು ಹೇಗೆಂಬ ನೆಪದಲ್ಲಿ ಹೋಳಿನ ಮೇಲೆ ಹೋಳು ತಿನ್ನುವುದು, ಇವೆರಡೂ ಅವರ ಪಥ್ಯದ ನಿಯಮಗಳು. ಕಿರಿಯರಿಗೆ ಕಾಯಿಲೆ ಗೊತ್ತಾದದ್ದು ಒಂಬತ್ತು ವರ್ಷಗಳ ಹಿಂದೆ. ಅಂದಿನಿಂದ ಬೆಳಗಿನ ನಡಿಗೆ, ರಾತ್ರಿಯ ಅರ್ಧ ಮುದ್ದೆ, ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ, ಒಂದೂ ತಪ್ಪಿದ್ದಿಲ್ಲ. ಹೀಗಿರುತ್ತ, ಹೋದ ಮಾಘದ ಒಂದು ಬೆಳಿಗ್ಗೆ ಎಡಗಣ್ಣಿನ ಮುಂದೆ ಇಲ್ಲಣ ತೂಗಾಡುತ್ತಿದೆಯೆಂದು ಕೈಬೀಸಿ ಓಡಿಸಹೋದವರು ಕಿರಿಯರೇ ಹೊರತು ಹಿರಿಯರಲ್ಲ. ಇಲ್ಲಣ ಅಟ್ಟದಲ್ಲಿರಲಿಲ್ಲ, ಕಣ್ಣಿನೊಳಗೆ ರಕ್ತ ಸೋರಿತ್ತು.

ಮನೆಯವರು ಇದಕ್ಕೆ ಕಾರಣವನ್ನು ಹುಡುಕಲು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. “ಅಮ್ಮನಿಗೂ ಕೊನೆಗಾಲದಲ್ಲಿ ಕಣ್ಣು ಹೋಗಿರಲಿಲ್ಲವೇನಪ್ಪಾ, ನಮ್ಮ ವಂಶದಲ್ಲೇ ಇದೆ” ಎಂದರು ಮುಳಬಾಗಿಲಿನಿಂದ ಬಂದ ಚಿಕ್ಕಮ್ಮ. ಹಾಗಾದರೆ ಹಿರಿಯ ಮಾವನ ಕಣ್ಣು ಹೇಗೆ ಉಳಿಯಿತೆಂದು ಕೇಳಿದ್ದಕ್ಕೆ, “ಅಣ್ಣನಿಗೆ ಅಪ್ಪನ ಕಣ್ಣು” ಎಂಬ ಉತ್ತರವೂ ಸಿದ್ಧವಾಗಿತ್ತು. ನಾನು ಆಗ ನಕ್ಕೆನಾದರೂ, ಅನಂತರ ಕೆಲವು ತಿಂಗಳು ಈ ವಿಷಯವನ್ನು ಓದುತ್ತ ಹೋದ ಹಾಗೆ, ಚಿಕ್ಕಮ್ಮನ ಆ ಎರಡು ಮಾತುಗಳಿಗೂ ಜಗತ್ತಿನ ದೊಡ್ಡ ಪ್ರಯೋಗಶಾಲೆಗಳು ಕೇಳುತ್ತಿರುವ ಪ್ರಶ್ನೆಗೂ ನಡುವೆ ನಾನು ತಿಳಿದಷ್ಟು ದೂರವಿಲ್ಲವೆಂಬುದು ಮನವರಿಕೆಯಾಯಿತು.

ಮೊದಲು ಕಣ್ಣಿನೊಳಗೆ ನಡೆಯುವುದೇನೆಂಬುದನ್ನು ನೋಡೋಣ. ಕೋಲಾರದ ಆಸ್ಪತ್ರೆಯೊಂದರಲ್ಲಿ ಮಾವನ ಕಣ್ಣಿಗೆ ಮದ್ದು ಬಿಟ್ಟು, ಪಾಪೆ ಅಗಲವಾಗುವವರೆಗೆ ಮುಕ್ಕಾಲು ಗಂಟೆ ಬೆಂಚಿನ ಮೇಲೆ ಕೂರಿಸಿ, ಆಮೇಲೆ ತೆಗೆದ ಚಿತ್ರವನ್ನು ವೈದ್ಯರು ನನಗೂ ತೋರಿಸಿದರು. ಕಿತ್ತಳೆ ಬಣ್ಣದ ಒಂದು ದುಂಡು ಬಯಲು. ಅದರ ಒಂದು ಮಗ್ಗುಲಲ್ಲಿ ನಸುಹಳದಿಯ ಬಿಲ್ಲೆ. ಆ ಬಿಲ್ಲೆಯಿಂದ ಹೊರಟು ಮೇಲಕ್ಕೂ ಕೆಳಕ್ಕೂ ಕವಲೊಡೆಯುವ ರಕ್ತನಾಳಗಳು, ಬೇಸಗೆಯಲ್ಲಿ ಆಕಾಶದಿಂದ ನೋಡಿದರೆ ನಮ್ಮ ಕೆರೆಗಳ ಕಾಲುವೆಗಳು ಹೇಗೆ ಕಂಡಾವೋ ಹಾಗೆ. ಆರೋಗ್ಯವಂತನ ಅಕ್ಷಿಪಟಲದಲ್ಲಿ ಇಷ್ಟೇ ಇರಬೇಕಾದದ್ದು. ಮಾವನ ಚಿತ್ರದಲ್ಲಾದರೋ, ಸೂಜಿಮೊನೆಯಿಂದ ಚುಚ್ಚಿದಂಥ ಕೆಂಪು ಚುಕ್ಕೆಗಳಿದ್ದುವು, ಒಡೆದ ಮೇಣದಂತೆ ಮಿನುಗುವ ಹಳದಿ ಕಣಗಳಿದ್ದುವು, ಬಿಲ್ಲೆಯ ಅಂಚಿನಲ್ಲಿ ಎಲ್ಲಿಂದ ಹುಟ್ಟಿ ಎಲ್ಲಿಗೆ ಹೋಗುತ್ತವೆಂದು ತಿಳಿಯದ ಎಳೆಎಳೆ ನಾಳಗಳ ಒಂದು ಸಿಕ್ಕು ಇತ್ತು.

ರಕ್ತದಲ್ಲಿ ಸಕ್ಕರೆಯ ಪ್ರಮಾಣ ವರ್ಷಾನುಗಟ್ಟಲೆ ಮಿತಿಮೀರಿದಾಗ, ಅತಿ ಸೂಕ್ಷ್ಮವಾದ ಲೋಮನಾಳಗಳನ್ನು ಹೊರಗಿನಿಂದ ಅಪ್ಪಿ ಹಿಡಿದಿರುವ ಪೆರಿಸೈಟ್ ಎಂಬ ಜೀವಕೋಶಗಳು ಒಂದೊಂದಾಗಿ ಸಾಯತೊಡಗುತ್ತವೆ. ಆಸರೆ ತಪ್ಪಿದ ನಾಳದ ಗೋಡೆ ಅಲ್ಲಲ್ಲಿ ಉಬ್ಬಿ ಚುಕ್ಕೆಯಾಗುತ್ತದೆ, ಸೋರುತ್ತದೆ, ಕಡೆಗೆ ಮುಚ್ಚಿಹೋಗುತ್ತದೆ. ಹೀಗೆ ರಕ್ತ ಸಾಲದಾದ ಅಕ್ಷಿಪಟಲವು ಪ್ರಾಣವಾಯುವಿಗಾಗಿ ಮೊರೆಯಿಡುವ ರಾಸಾಯನಿಕ ಭಾಷೆಯೇ ವಿಇಜಿಎಫ್ ಎಂಬ ಪ್ರೋಟೀನು. ಆ ಮೊರೆಯನ್ನು ಕೇಳಿ ಹೊಸ ನಾಳಗಳು ಹುಟ್ಟುವುದೇನೋ ನಿಜ. ಆದರೆ ಅವು ಬರಗಾಲದಲ್ಲಿ ಅವಸರಕ್ಕೆ ಕಟ್ಟಿದ ಕಟ್ಟೆಯಂತೆ, ನೀರು ಬಂದ ದಿನವೇ ಒಡೆಯತಕ್ಕವು. ಮಾವ ಓಡಿಸಹೋದ ಇಲ್ಲಣ ಅಂಥ ಒಂದು ನಾಳ ಒಡೆದು ಗಾಜುರಸದೊಳಗೆ ಚೆಲ್ಲಿದ ರಕ್ತದ ನೆರಳು.

ಇಂಥ ಕೇಡು ಎಷ್ಟು ಜನಕ್ಕೆ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಮಿಕ್ಕು. ಅದಕ್ಕೆ ಒಂದು ವರ್ಷ ಮೊದಲು ಬಂದ ಮತ್ತೊಂದು ಸಮೀಕ್ಷೆಯು, ನಲವತ್ತು ವರ್ಷ ದಾಟಿದ ಮಧುಮೇಹಿಗಳಲ್ಲಿ ನೂರಕ್ಕೆ 12.5 ಮಂದಿಗೆ ಅಕ್ಷಿಪಟಲದ ಕೇಡು ಇದೆಯೆಂದೂ, 4 ಮಂದಿಗೆ ಅದು ದೃಷ್ಟಿಯನ್ನೇ ಕಳೆಯುವ ಹಂತದಲ್ಲಿದೆಯೆಂದೂ ಕಂಡಿತು. ಈ ಅಂಕಿಗಳನ್ನು ಓದಿದವರು ಸಾಮಾನ್ಯವಾಗಿ ಆ ಹನ್ನೆರಡೂವರೆ ಜನರನ್ನು ಕುರಿತು ಮರುಗುತ್ತಾರೆ. ನನ್ನ ಮನಸ್ಸು ಮಾತ್ರ ಉಳಿದ ಎಂಬತ್ತೇಳೂವರೆ ಜನರ ಕಡೆಗೆ ಹೋಯಿತು. ಅವರಲ್ಲಿ ಹಲವರು ಕಾಯಿಲೆಗೆ ಹೊಸಬರು, ಕೆಲವರು ಪಥ್ಯವಂತರು, ಒಪ್ಪುವ ಮಾತೇ. ಆದರೆ ಹಿರಿಯ ಮಾವನಂಥವರು?

ಬೀಜದ ಮಾತು ನಮ್ಮಲ್ಲಿ ಹೊಸದಲ್ಲ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನವು ಪ್ರಮೇಹವನ್ನು ಎರಡಾಗಿ ವಿಂಗಡಿಸಿ, ತಾಯಿತಂದೆಗಳ ಬೀಜದೋಷದಿಂದ ಬಂದದ್ದನ್ನು ಸಹಜವೆಂದೂ, ಆಹಾರವಿಹಾರಗಳ ತಪ್ಪಿನಿಂದ ಬಂದದ್ದನ್ನು ಅಪಥ್ಯನಿಮಿತ್ತವೆಂದೂ ಕರೆದಿದೆ. ಈ ವಿಂಗಡಣೆ ಎಷ್ಟು ಸೊಗಸಾದದ್ದೆಂದರೆ, ಅದರ ಬೆಡಗಿಗೆ ಮರುಳಾಗಿ, ಇಂದಿನ ತಳಿಶಾಸ್ತ್ರವೆಲ್ಲ ಅದರಲ್ಲೇ ಅಡಗಿದೆಯೆಂದು ಸಾರುವ ಉತ್ಸಾಹಿಗಳೂ ಇದ್ದಾರೆ. ನಾನು ಅಷ್ಟು ದೂರ ಹೋಗಲಾರೆ. ಏಕೆಂದರೆ ಇಂದಿನ ಪ್ರಶ್ನೆ ಇನ್ನೂ ಒಂದು ಮೆಟ್ಟಿಲು ಕೆಳಗಿನದು: ಸಕ್ಕರೆ ಕಾಯಿಲೆಯನ್ನು ತರುವ ಬೀಜವೂ, ಆ ಕಾಯಿಲೆ ಬಂದವನ ಕಣ್ಣನ್ನು ಕೆಡಿಸುವ ಬೀಜವೂ ಒಂದೆಯೋ ಬೇರೆಯೋ? ಐಸ್‌ಲೆಂಡಿನ ಸಂಶೋಧಕರು 2006ರಲ್ಲಿ ಟಿಸಿಎಫ್7ಎಲ್2 ಎಂಬ ವಂಶವಾಹಿಯ ಒಂದು ಪಾಠಾಂತರವು ಮಧುಮೇಹಕ್ಕೆ ದಾರಿ ಮಾಡಿಕೊಡುತ್ತದೆಂದು ತೋರಿಸಿದರು. ಮರುವರ್ಷವೇ ಪುಣೆಯ ಜನರಲ್ಲಿಯೂ ಅದು ನಿಜವೆಂದು ಹೈದರಾಬಾದಿನ ವಿಜ್ಞಾನಿಗಳು ಕಂಡರು. ಅದು ಮೇದೋಜೀರಕದ ಇನ್ಸುಲಿನ್ ಸ್ರವಿಕೆಗೆ ಸಂಬಂಧಪಟ್ಟ ಸಂಗತಿ. ನನ್ನ ಮಾವಂದಿರಿಬ್ಬರಿಗೂ ಕಾಯಿಲೆ ಬಂದಿರುವುದರಿಂದ, ಅವರನ್ನು ಬೇರೆಮಾಡಿದ ಗೆರೆ ಅಲ್ಲಿ ಎಳೆದದ್ದಲ್ಲವೆಂದೇ ತೋರುತ್ತದೆ.

ಕಣ್ಣಿನ ಕೇಡು ಒಡಹುಟ್ಟಿದವರಲ್ಲಿ ಒಟ್ಟಾಗಿ ಬರುತ್ತದೆಯೆ ಎಂಬುದನ್ನು ನಮ್ಮ ನೆರೆಯಲ್ಲಿಯೇ, ಚೆನ್ನೈಯಲ್ಲಿ, ನೇತ್ರತಜ್ಞೆ ಡಾ. ರೆಮಾ ಮೋಹನ್ ಮತ್ತು ಅವರ ಸಂಗಡಿಗರು ಅಳೆದು 2002ರಲ್ಲಿ ಪ್ರಕಟಿಸಿದರು. ಕಣ್ಣು ಕೆಟ್ಟ ಮಧುಮೇಹಿಗಳ ಮಧುಮೇಹಿ ಸೋದರ ಸೋದರಿಯರಲ್ಲಿ ನೂರಕ್ಕೆ ಸುಮಾರು 35 ಮಂದಿಗೂ, ಕಣ್ಣು ನೆಟ್ಟಗಿದ್ದವರ ಒಡಹುಟ್ಟಿದವರಲ್ಲಿ ನೂರಕ್ಕೆ ಸುಮಾರು 12 ಮಂದಿಗೂ ಅದೇ ಕೇಡು ಕಂಡಿತು. ಕಾಯಿಲೆಯ ಅವಧಿ, ಸಕ್ಕರೆಯ ಹತೋಟಿ ಮೊದಲಾದ ಇತರ ಕಾರಣಗಳನ್ನು ಲೆಕ್ಕದಿಂದ ಕಳೆದ ಮೇಲೂ ಮೂರು ಪಟ್ಟಿನ ವ್ಯತ್ಯಾಸ ಉಳಿಯಿತು. ದಕ್ಷಿಣ ಭಾರತದ ಸಂಸಾರಗಳಲ್ಲೇ ನಡೆದ ಈ ಶೋಧ ನಮಗೆ ಯಾವ ವಿದೇಶೀ ಲೆಕ್ಕಕ್ಕಿಂತಲೂ ಹತ್ತಿರದ್ದು. ಬೇರೆ ದೇಶಗಳ ಅಳತೆಗಳು ಈ ಕೇಡಿನಲ್ಲಿ ಆನುವಂಶಿಕತೆಯ ಪಾಲು ಕಾಲುಭಾಗದಿಂದ ಅರ್ಧಭಾಗದವರೆಗೆ ಇರಬಹುದೆಂದೂ, ಉಗ್ರರೂಪಗಳಲ್ಲಿ ಆ ಪಾಲು ಹೆಚ್ಚೆಂದೂ ಸೂಚಿಸುತ್ತವೆ.

ಚಿಕ್ಕಮ್ಮನ ಮಾತಿಗೆ ಇಷ್ಟರಮಟ್ಟಿಗೆ ಪುಷ್ಟಿ ದೊರೆಯಿತಷ್ಟೆ. ಆ ಪಾಲು ಯಾವ ವಂಶವಾಹಿಯಲ್ಲಿ ಕುಳಿತಿದೆಯೆಂದು ಕೇಳಿದ ಕೂಡಲೆ ವಿದ್ವಾಂಸರ ಧ್ವನಿ ತಗ್ಗುತ್ತದೆ. ಸಕ್ಕರೆಯನ್ನು ಸಾರ್ಬಿಟಾಲ್ ಎಂಬ ವಸ್ತುವಾಗಿ ಮಾರ್ಪಡಿಸಿ ಜೀವಕೋಶವನ್ನು ಬಳಲಿಸುವ ಆಲ್ಡೋಸ್ ರಿಡಕ್ಟೇಸ್ ಎಂಬ ಕಿಣ್ವದ ವಂಶವಾಹಿಯನ್ನು ಮೊದಲು ಹಿಡಿದರು. ಅದರ ಪಕ್ಕದಲ್ಲಿ ಒಂದೇ ಅಕ್ಷರಜೋಡಿ ಮತ್ತೆ ಮತ್ತೆ ಬರುವ ಒಂದು ಭಾಗವುಂಟು, ಆ ಪುನರುಕ್ತಿಯ ಉದ್ದ ಜನರಿಂದ ಜನರಿಗೆ ಬೇರೆ, ಕೆಲವು ಉದ್ದಗಳು ಕೆಟ್ಟ ಕಣ್ಣುಳ್ಳವರಲ್ಲಿ ಹೆಚ್ಚೆಂದು ಹಲವು ದೇಶಗಳಿಂದ ವರದಿ ಬಂದಿತು. ಚೆನ್ನೈಯ ಶಂಕರ ನೇತ್ರಾಲಯದವರೂ ಇದನ್ನು ಪರೀಕ್ಷಿಸಿದರು. ಆಮೇಲೆ ವಿಇಜಿಎಫ್‌ನ ಸರದಿ. 2008ರಲ್ಲಿ ಎರಿತ್ರೊಪೊಯಿಟಿನ್ ಎಂಬ, ಮಾಮೂಲಿಗೆ ರಕ್ತಕಣಗಳನ್ನು ಹುಟ್ಟಿಸಲು ಪ್ರೇರಿಸುವ ರಸದ ವಂಶವಾಹಿಯ ಮುಮ್ಮೊಗದಲ್ಲಿನ ಒಂದೇ ಒಂದು ಅಕ್ಷರಭೇದವು ಕಣ್ಣಿನ ಮತ್ತು ಮೂತ್ರಪಿಂಡದ ಉಗ್ರವಾದ ಕೇಡಿಗೆ ಜೊತೆಗೂಡಿದೆಯೆಂಬ ಶೋಧ ಬಂದು ಬಹಳ ಸದ್ದು ಮಾಡಿತು. ಅನಂತರದ ಪರೀಕ್ಷೆಗಳು ಒಂದು ಹೌದೆಂದರೆ ಇನ್ನೊಂದು ಅಲ್ಲವೆಂದಿತು. ಹೀಗೆ ಹೆಸರು ಕೇಳಿಬಂದ ವಂಶವಾಹಿಗಳ ಪಟ್ಟಿಯನ್ನು ಇಲ್ಲಿ ಬೆಳಸುವುದರಿಂದ ವಾಚಕರಿಗೆ ಬೇಸರವಾದೀತೇ ಹೊರತು ಬೆಳಕಾಗದು.

ಒಂದು ಊರಿನ ಶೋಧ ಮತ್ತೊಂದು ಊರಿನಲ್ಲಿ ನಿಲ್ಲದಿರುವುದೇಕೆ? ಒಂದು ಕಾರಣ ಸುಲಭವಾಗಿ ಹೇಳಬಹುದಾದದ್ದು: ಇಲ್ಲಿ ದೋಷ ಒಂದರಲ್ಲಿ ಇಲ್ಲ, ನೂರಾರು ಕಡೆ ಎಳ್ಳಷ್ಟೆಳ್ಳಷ್ಟು ಹಂಚಿಹೋಗಿದೆ, ಆ ಎಳ್ಳನ್ನು ತೂಗಬಲ್ಲ ತಕ್ಕಡಿಗೆ ಸಾವಿರಾರು ಜನರ ರಕ್ತ ಬೇಕು. ಮತ್ತೊಂದು ಕಾರಣವೇ ನನಗೆ ಹೆಚ್ಚು ಸ್ವಾರಸ್ಯವಾಗಿ ಕಂಡದ್ದು. ಕೆಟ್ಟ ಕಣ್ಣಿನವರನ್ನು ಕೆಡದ ಕಣ್ಣಿನವರೊಡನೆ ಹೋಲಿಸಿದರಷ್ಟೆ ವಂಶವಾಹಿಯ ಭೇದ ಕಾಣುವುದು. ಆದರೆ ಕೆಡದ ಕಣ್ಣಿನವನು ಯಾರು? ಇಂದು ಕೆಡದಿರುವವನು ಐದು ವರ್ಷದ ಮೇಲೆ ಕೆಡುವವನಾಗಿರಬಹುದು. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ 1980ರ ದಶಕದಲ್ಲಿ ನಡೆದ ಪ್ರಸಿದ್ಧ ಅಧ್ಯಯನವು, ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಚಿಕ್ಕಂದಿನಲ್ಲೇ ಕಾಯಿಲೆ ಬಂದವರಲ್ಲಿ ಹೆಚ್ಚುಕಡಿಮೆ ಎಲ್ಲರ ಅಕ್ಷಿಪಟಲದಲ್ಲಿಯೂ, ನಡುವಯಸ್ಸಿನ ಮೇಲೆ ಬಂದವರಲ್ಲಿ ಅರ್ಧಕ್ಕೆ ಮಿಕ್ಕವರಲ್ಲಿಯೂ ಏನಾದರೊಂದು ಗುರುತು ಮೂಡಿರುತ್ತದೆಂದು ತೋರಿಸಿತ್ತು. ಆದಕಾರಣ ನಿಜವಾದ ಹೋಲಿಕೆಗೆ ಬೇಕಾದವನು ಇಪ್ಪತ್ತು ವರ್ಷ ದಾಟಿಯೂ ಕಣ್ಣು ಕೆಡದವನು. ಅವನಾದರೋ ಆಸ್ಪತ್ರೆಗೆ ಬರುವುದೇ ಇಲ್ಲ. ಬರಲು ಅವನಿಗೇನು ಕಾರಣ? ಅವನು ಶ್ರೀನಿವಾಸಪುರದ ತೋಪಿನಲ್ಲಿ ಹಣ್ಣಿನ ರುಚಿ ನೋಡುತ್ತಿರುತ್ತಾನೆ.

ಬಾಸ್ಟನ್ ನಗರದ ಜಾಸ್ಲಿನ್ ಸಂಸ್ಥೆಯವರು ಇಂಥವರನ್ನು ಹುಡುಕುವ ಉಪಾಯವೊಂದನ್ನು ಗೊತ್ತಿಲ್ಲದೆಯೇ ಮಾಡಿಟ್ಟಿದ್ದರು. ಇನ್ಸುಲಿನ್ ಚುಚ್ಚಿಕೊಂಡು ಐವತ್ತು ವರ್ಷ ಬಾಳಿದವರಿಗೆ ಒಂದು ಪದಕ ಕೊಡುವ ವಾಡಿಕೆ ಅಲ್ಲಿ. ಪದಕದ ಆಸೆಗೆ ಬಂದ ಮುದುಕರನ್ನೂ ಮುದುಕಿಯರನ್ನೂ ಪರೀಕ್ಷಿಸಿ ನೋಡಿದರೆ, ಹತ್ತರಲ್ಲಿ ನಾಲ್ವರಿಗೆ ಅರ್ಧ ಶತಮಾನದ ಮೇಲೂ ಕಣ್ಣಿನ ಉಗ್ರವಾದ ಕೇಡು ತಟ್ಟಿರಲಿಲ್ಲ. ಅವರ ಈಚಿನ ಸಕ್ಕರೆಯ ಲೆಕ್ಕಗಳನ್ನು ಕಣ್ಣು ಕೆಟ್ಟವರ ಲೆಕ್ಕಗಳೊಡನೆ ಹೋಲಿಸಿದರೆ ಇದಕ್ಕೆ ವಿವರಣೆಯೂ ಸಿಕ್ಕಲಿಲ್ಲ. ಅವರ ಕಣ್ಣಿನ ರಸವನ್ನು ಶೋಧಿಸುತ್ತ ಹೋಗಿ, ಅಕ್ಷಿಪಟಲದ ಬೆಳಕಿನ ಕೋಶಗಳೇ ತಯಾರಿಸುವ ಆರ್‌ಬಿಪಿ3 ಎಂಬ ಪ್ರೋಟೀನು ಕೆಡದ ಕಣ್ಣುಗಳಲ್ಲಿ ಹೆಚ್ಚಾಗಿರುವುದನ್ನು 2019ರಲ್ಲಿ ಪ್ರಕಟಿಸಿದರು. ಕೆಡಿಸುವ ಬೀಜವನ್ನು ಅಷ್ಟು ಕಾಲ ಹುಡುಕಿದ್ದಾಯಿತು, ಕಾಯುವ ಬೀಜವೂ ಇರಬಹುದಲ್ಲವೆ ಎಂಬ ಆಲೋಚನೆ ಇಲ್ಲಿಂದ ಬಲಗೊಂಡಿತು. “ಅಣ್ಣನಿಗೆ ಅಪ್ಪನ ಕಣ್ಣು” ಎಂಬ ಮಾತನ್ನು ನಾನು ಮತ್ತೆ ನೆನೆದದ್ದು ಆಗ.

ಕೋಲಾರದ ಮಟ್ಟಿಗೆ ಒಂದು ಅನುಕೂಲವುಂಟು. ಊರ ಹೊರಗೆ ಟಮಕದಲ್ಲಿ 1986ರಲ್ಲಿ ಆರಂಭವಾದ ಶ್ರೀ ದೇವರಾಜ ಅರಸು ವೈದ್ಯಕೀಯ ಕಾಲೇಜೂ ಅದರ ಆರ್.ಎಲ್. ಜಾಲಪ್ಪ ಆಸ್ಪತ್ರೆಯೂ ಇವೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಂದ ಬೆಳಗಿನ ಬಸ್ಸು ಹತ್ತಿದವರು ಹೊರರೋಗಿ ವಿಭಾಗದ ಚೀಟಿ ಮಾಡಿಸುವ ಹೊತ್ತಿಗೆ ತಲಪುತ್ತಾರೆ. ಆ ಶಿಕ್ಷಣಸಂಸ್ಥೆಯಲ್ಲಿ ಅಣುತಳಿಶಾಸ್ತ್ರದ ವಿಭಾಗವೂ ಉಂಟು. ಕಣ್ಣು ನೋಡುವ ಕೋಣೆಯೂ ಬೀಜ ನೋಡುವ ಕೋಣೆಯೂ ಒಂದೇ ಆವರಣದಲ್ಲಿರುವುದು, ಅದೂ ಹಳ್ಳಿಗರು ಬಂದುಹೋಗುವ ಜಾಗದಲ್ಲಿರುವುದು, ಎಲ್ಲ ಜಿಲ್ಲೆಗಳ ಭಾಗ್ಯವಲ್ಲ. ಬೀಜ ನೋಡುವ ಕೆಲಸವನ್ನು ನಾನು ಬೇರೊಂದು ಕಡೆ ಒಮ್ಮೆ ಕಣ್ಣಾರೆ ಕಂಡದ್ದುಂಟು. ನೇರಳೆ ಮುಚ್ಚಳದ ಕೊಳವೆಯಲ್ಲಿ ಒಂದೆರಡು ಚಮಚೆಯಷ್ಟು ರಕ್ತ. ಅದರ ಕೋಶಗಳನ್ನು ಒಡೆದು, ಉಪ್ಪಿನ ದ್ರಾವಣದಿಂದ ಪ್ರೋಟೀನುಗಳನ್ನು ಕೆಳಕ್ಕೆ ಕೂರಿಸಿ, ತಿಳಿಯನ್ನು ಬಸಿದು, ತಣ್ಣನೆಯ ಆಲ್ಕೊಹಾಲನ್ನು ಮೇಲೆ ಹೊಯ್ದು ಕೊಳವೆಯನ್ನು ಮೆಲ್ಲಗೆ ತಲೆಕೆಳಗು ಮಾಡಿದರು. ಏನೂ ಇಲ್ಲದಿದ್ದ ನೀರಿನಲ್ಲಿ ಹಂಜಿಯಿಂದ ಹಿಂಜಿದ ಎಳೆಯಂಥದೊಂದು ಬೆಳ್ಳಗೆ ಸುರುಳಿಯಾಗಿ ತೇಲಿಬಂತು. ಅದೇ ಡಿಎನ್ಎ. ಅಜ್ಜ ಅಜ್ಜಿಯರ ಲೆಕ್ಕವೆಲ್ಲ ಆ ನೂಲಿನಲ್ಲಿದೆಯೆಂದು ಪ್ರಯೋಗಶಾಲೆಯ ಹುಡುಗಿ ಹೇಳಿದಾಗ, ಅವಳು ಅದನ್ನು ದಿನಕ್ಕೆ ಇಪ್ಪತ್ತು ಸಲ ನೋಡತಕ್ಕವಳಾದರೂ, ಅವಳ ಧ್ವನಿಯಲ್ಲಿ ಅಲಕ್ಷ್ಯವಿರಲಿಲ್ಲ.

ವಂಶದ ಮಾತು ಬಂದಾಗ ನಮ್ಮ ಸೀಮೆಯಲ್ಲಿ ಮತ್ತೊಂದು ಮಾತೂ ತಪ್ಪದೆ ಬರುತ್ತದೆ. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ಇಲ್ಲಿ ಬಹುಕಾಲದ ರೂಢಿ. ನನ್ನ ಅಜ್ಜಿಯೂ ತನ್ನ ಸೋದರಮಾವನ ಕೈಹಿಡಿದವಳೇ. ಕಣ್ಣು ಹೋದದ್ದು ಇದರಿಂದಲೇ ಎಂದು ಓದಿದ ಹುಡುಗರು ಹೇಳುವುದನ್ನು ಕೇಳಿದ್ದೇನೆ. ಇದು ಅರ್ಧ ತಿಳಿವಿನ ಮಾತು. ತಾಯಿಯಿಂದೊಂದು ತಂದೆಯಿಂದೊಂದು ಹೀಗೆ ಒಂದೇ ದೋಷದ ಎರಡು ಪ್ರತಿಗಳು ಕೂಡಿದಾಗ ಮಾತ್ರ ತಲೆಯೆತ್ತುವ ಕಾಯಿಲೆಗಳಿಗೆ, ಇರುಳುಗುರುಡಿನಿಂದ ಆರಂಭವಾಗಿ ದೃಷ್ಟಿಯ ಬಯಲನ್ನು ವರ್ಷವರ್ಷಕ್ಕೂ ಕಿರಿದುಮಾಡುತ್ತ ಹೋಗುವ ರೆಟಿನೈಟಿಸ್ ಪಿಗ್ಮೆಂಟೋಸದ ಹಲವು ಬಗೆಗಳಿಗೆ, ಈ ಮಾತು ಚೆನ್ನಾಗಿಯೇ ಸಲ್ಲುತ್ತದೆ. ಮಧುಮೇಹದ ಕಣ್ಣಿನ ಕೇಡು ಆ ಜಾತಿಯದಲ್ಲ. ಸಂಬಂಧದೊಳಗೆ ಮದುವೆಯಾದವರು ಬೀಜವನ್ನು ಮಾತ್ರ ಹಂಚಿಕೊಳ್ಳುವುದಿಲ್ಲ, ಒಂದೇ ಒಲೆಯ ಉಪ್ಪು ಎಣ್ಣೆಗಳನ್ನೂ, ರಕ್ತದ ಒತ್ತಡವನ್ನು ಅಲಕ್ಷಿಸುವ ಒಂದೇ ಅಭ್ಯಾಸವನ್ನೂ ಹಂಚಿಕೊಂಡಿರುತ್ತಾರೆಂಬುದನ್ನೂ ಇಲ್ಲಿ ಮರೆಯಲಾಗದು.

ಹುಟ್ಟಿನೊಂದಿಗೆ ಬಂದದ್ದೆಲ್ಲ ಬೀಜದಿಂದ ಬಂದದ್ದೂ ಅಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ಶ್ರದ್ಧೆಯಿಂದ ಬರೆದಿಟ್ಟಿದ್ದರು. ಆ ಹಳೆಯ ದಫ್ತರಗಳನ್ನು ಹಿಡಿದು, ನಡುವಯಸ್ಸು ದಾಟಿದ ಆ ಶಿಶುಗಳನ್ನು ಮನೆಮನೆ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಉದ್ದಕ್ಕೆ ಮೀರಿ ದುಂಡಗಿದ್ದ, ತೂಕವುಳ್ಳ ತಾಯಂದಿರಿಗೆ ಹುಟ್ಟಿದ ಮಕ್ಕಳಲ್ಲಿ ಮುಂದೆ ಮಧುಮೇಹ ಹೆಚ್ಚೆಂದು 1998ರಲ್ಲಿ ಗೊತ್ತಾಯಿತು. ಗರ್ಭದ ಒಂಬತ್ತು ತಿಂಗಳು ಬೀಜವೂ ಅಲ್ಲ, ಪಥ್ಯವೂ ಅಲ್ಲ. ಸುಶ್ರುತನ ಎರಡು ಕೋಣೆಗಳ ನಡುವಣ ಹೊಸ್ತಿಲು ಅದು. ಕಣ್ಣಿಗೂ ತನ್ನದೇ ಆದ ನೆನಪುಂಟು. ಎರಡೂವರೆ ವರ್ಷ ಹತೋಟಿಯಿಲ್ಲದೆ ಬಿಟ್ಟು, ಆಮೇಲೆ ಅಷ್ಟೇ ಕಾಲ ಸಕ್ಕರೆಯನ್ನು ಬಿಗಿಹಿಡಿದ ಮಧುಮೇಹಿ ನಾಯಿಗಳ ಅಕ್ಷಿಪಟಲ, ಬಿಗಿಹಿಡಿದ ಕಾಲದಲ್ಲಿಯೇ ಕೆಡತೊಡಗಿದುದನ್ನು ಅಮೆರಿಕದ ಇಬ್ಬರು ವಿಜ್ಞಾನಿಗಳು 1987ರಲ್ಲಿ ತೋರಿಸಿದರು.

ಈ ನೆನಪಿನ ಮಾತೇ ನನ್ನ ಕಥೆಯ ತಳಹದಿಯನ್ನೂ ಕೊಂಚ ಅಲುಗಿಸಿತು. ಕಿರಿಯ ಮಾವನಿಗೆ ಒಂಬತ್ತು ವರ್ಷದ ಕಾಯಿಲೆ ಎಂದೆನಲ್ಲ, ಅದು ಗೊತ್ತಾದಂದಿನಿಂದ ಎಣಿಸಿದ್ದು. ಸದ್ದಿಲ್ಲದೆ ಬಂದು ವರ್ಷಗಟ್ಟಲೆ ಮೈಯಲ್ಲಿ ಅಡಗಿರುವುದು ಈ ಕಾಯಿಲೆಯ ಸ್ವಭಾವ. ಹಿರಿಯರು ಮಂಡಿಯ ಗಾಡಿಯಿಂದ ಬಿದ್ದು ಕಾಲಿನ ಗಾಯಕ್ಕೆಂದು ಹೋದಾಗ ಬೇಗನೆ ಸಿಕ್ಕಿಬಿದ್ದವರು. ಕಿರಿಯರು ಕಾಯಿಲೆ ಗೊತ್ತಾಗುವವರೆಗೆ ಒಮ್ಮೆಯೂ ವೈದ್ಯರ ಬಾಗಿಲು ತುಳಿಯದವರು, ಅವರದು ಯಾವಾಗಿನದೋ ಯಾರಿಗೆ ಗೊತ್ತು. ಅಣ್ಣತಮ್ಮಂದಿರ ಕಾಲಾವಧಿಗಳ ಅಂತರ ನಾವು ತಿಳಿದಷ್ಟು ಇಲ್ಲದಿರಬಹುದು. ಹಾಗೆಂದು ಹತೋಟಿ ವ್ಯರ್ಥವೆಂದಲ್ಲ. 1,441 ಜನರನ್ನು ಸರಾಸರಿ ಆರೂವರೆ ವರ್ಷ ನೋಡಿ 1993ರಲ್ಲಿ ಮುಗಿದ ಅಮೆರಿಕದ ಪರೀಕ್ಷೆಯಲ್ಲಿ, ಕಣ್ಣು ಇನ್ನೂ ಕೆಡದಿದ್ದವರು ಸಕ್ಕರೆಯನ್ನು ಬಿಗಿಹಿಡಿದರೆ ಕೇಡು ನೂರಕ್ಕೆ 76ರಷ್ಟು ತಗ್ಗಿತು. ಯಾವ ವಂಶವಾಹಿಯ ತೂಕವೂ ಇದರ ಹತ್ತಿರ ಬಂದಿಲ್ಲ.

ಮಾವನ ಕಣ್ಣಿಗೆ ಈಗ ಲೇಸರ್ ಆಗಿದೆ, ವಿಇಜಿಎಫ್‌ನ ಮೊರೆಯನ್ನು ಅಡಗಿಸುವ ಚುಚ್ಚುಮದ್ದೂ ಆಗಿದೆ. ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿ ಸುಟ್ಟುಕೊಂಡವರ ಅಕ್ಷಿಪಟಲವನ್ನು ಕಂಡು, ಬೆಳಕಿನಿಂದಲೇ ಚಿಕಿತ್ಸೆ ಮಾಡಬಹುದೆಂದು ಊಹಿಸಿದ ಜರ್ಮನಿಯ ಮೇಯರ್ ಶ್ವಿಕೆರಾತ್ ಎಂಬ ವೈದ್ಯರಿಂದ ಈ ಲೇಸರಿನ ವಂಶವೃಕ್ಷ ಆರಂಭವಾಗುತ್ತದೆಂದು ನಾನು ಹೇಳಿದಾಗ, ಗ್ರಹಣದ ದಿನ ಬಾಗಿಲು ಹಾಕಿಕೊಂಡು ಕೂರುತ್ತಿದ್ದ ಮಾವ ಒಂದು ಕಣ್ಣಿಂದಲೇ ನನ್ನನ್ನು ಅನುಮಾನದಿಂದ ನೋಡಿದರು.

ಒಂದು ದಿನ ಒಡಹುಟ್ಟಿದವರೆಲ್ಲ ಬರಬೇಕೆಂದು ವೈದ್ಯರು ಕರೆಸಿದ್ದರು. ಒಂದು ಹಾಳೆಯ ಮೇಲೆ ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ ಬರೆದು, ಕಣ್ಣು ಕೆಟ್ಟವರ ಗುರುತಿಗೆ ಮಸಿ ತುಂಬುತ್ತ ಬಂದರು. ಕಿರಿಯ ಮಾವನ ಚೌಕ ಕಪ್ಪಾಯಿತು. ಹಿರಿಯ ಮಾವ ಬಂದದ್ದೇ ದೊಡ್ಡದು. ಬುಟ್ಟಿಯಲ್ಲಿ ವೈದ್ಯರಿಗೂ ಹಣ್ಣು ತಂದಿದ್ದರು, ಅವರ ಚೌಕ ಬೆಳ್ಳಗೆ ಉಳಿಯಿತು. ಮೇಲಿನ ಸಾಲಿನಲ್ಲಿ ಅಜ್ಜಿಯ ವೃತ್ತ. “ನಿಮ್ಮ ತಾಯಿಯವರಿಗೆ ಏನಾಗಿತ್ತು?” ಎಂದರು. “ಪೊರೆ ಬಂದಿತ್ತು ಸ್ವಾಮಿ, ಶಿಬಿರದಲ್ಲಿ ತೆಗೆಸಿದೆವು, ಆದರೂ ಕಾಣಿಸಲಿಲ್ಲ” ಎಂದರು ಹಿರಿಯರು. “ಶುಗರ್ ಇತ್ತೋ?” ಒಡಹುಟ್ಟಿದವರು ಮುಖ ಮುಖ ನೋಡಿಕೊಂಡರು, ಆ ಕಾಲದಲ್ಲಿ ಯಾರು ನೋಡಿಸುತ್ತಿದ್ದರು? ಕೋಲಾರದ ತಾಲ್ಲೂಕುಗಳಲ್ಲಿ ಪೊರೆಯೆಂಬ ಒಂದೇ ಹೆಸರಿನಡಿಯಲ್ಲಿ ಎಷ್ಟು ಅಜ್ಜಿಯರ ಅಕ್ಷಿಪಟಲಗಳು ಮಣ್ಣಾದುವೋ. ವೈದ್ಯರು ಆ ವೃತ್ತದೊಳಗೆ ಮಸಿ ತುಂಬಲಿಲ್ಲ, ಬಿಳಿಯಾಗಿಯೂ ಬಿಡಲಿಲ್ಲ, ಒಂದು ಪ್ರಶ್ನೆಯ ಗುರುತನ್ನು ಹಾಕಿ ಲೇಖನಿಯನ್ನು ಕೆಳಗಿನ ಸಾಲಿಗೆ ಇಳಿಸಿದರು. ಅಲ್ಲಿ ಚಿಕ್ಕಮ್ಮನ ವೃತ್ತವಿತ್ತು. ಚಿಕ್ಕಮ್ಮ ಮದ್ದು ಬಿಡಿಸಿಕೊಂಡು ಹೊರಗಿನ ಬೆಂಚಿನ ಮೇಲೆ ಕಣ್ಣು ಮುಚ್ಚಿ ಕುಳಿತಿದ್ದರು. ಪಾಪೆ ಅಗಲವಾಗಲು ಇನ್ನೂ ಅರ್ಧ ಗಂಟೆ ಬೇಕಾಗಿತ್ತು.